ಮಂಗಳದಲ್ಲಿ ಬಿದ್ದ ಗೋಪುರ

ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಈಚೆಗೆ ಶಾಲೆಗೆ ಬಂದಿದ್ದರು. "ಮೇಷ್ಟ್ರೇ, ನಮ್ಮ ಹುಡುಗ ದಿನಾ ಕಂಪ್ಯೂಟರಿನಲ್ಲಿ ಕಟ್ಟಡ ಒಡೀತಾ ಕೂತಿರ್ತಾನೆ. ಅದನ್ನ ಮಾರಿಬಿಡೋಣ ಅಂತಿದೀನಿ" ಎಂದರು. ಗದರಿಸಲೆಂದೇ ಹುಡುಗನನ್ನು ಕರೆಸಿದೆ. "ಒಡೆಯೋದರಲ್ಲಿ ಏನು ಸುಖವಯ್ಯಾ?" ಎಂದೆ. "ಸಾರ್, ಒಂದು ಕಂಬ ಒಡೆದರೂ ಗೋಪುರ ನಿಂತಿತ್ತು. ಪಕ್ಕದ್ದನ್ನೂ ಒಡೆದಾಗ ಆ ಕಡೆಗೇ ವಾಲಿ ಬಿತ್ತು. ಯಾಕೆ ಸಾರ್?" ಎಂದ. ಗುರುತ್ವಕೇಂದ್ರದ ಪಾಠ ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ಹೀಗೆ ಯಾರೂ ಕೇಳಿರಲಿಲ್ಲ.

ಆಟದ ಹೆಸರು 'ರೆಡ್ ಫ್ಯಾಕ್ಷನ್: ಗೆರಿಲ್ಲಾ'. ಅಮೆರಿಕದ ಇಲಿನಾಯ್ ರಾಜ್ಯದ ಷಾಂಪೇನ್ ಊರಿನ 'ವೊಲಿಷನ್' ಸಂಸ್ಥೆಯದು. ಇದೇ ಸಾಲಿನ ಮೊದಲ ಆಟ 2001ರಲ್ಲಿ ಬಂತು. ಅದರಲ್ಲಿ ಬಂಡೆ ಕೊರೆದು ಸುರಂಗ ಮಾಡಬಹುದಿತ್ತು. 2009ರ 'ಗೆರಿಲ್ಲಾ' ಇನ್ನೂ ಮುಂದೆ ಹೋಯಿತು. ಮಂಗಳ ಗ್ರಹದ ಬಯಲು, ಆಟಗಾರನ ಕೈಯಲ್ಲಿ ದೊಡ್ಡ ಸುತ್ತಿಗೆ. ನೆಲ ಅಗೆಯಲಾಗದು, ಆದರೆ ಮನುಷ್ಯ ಕಟ್ಟಿದ್ದೆಲ್ಲವನ್ನೂ ಕೆಡವಬಹುದು.

ಅದರ ಸೊಗಸು ಇರುವುದು ಲೆಕ್ಕದಲ್ಲಿ. ಪ್ರತಿ ಕಟ್ಟಡದ ಯಾವ ಭಾಗದ ಮೇಲೆ ಎಷ್ಟು ಭಾರ ಬಿದ್ದಿದೆ, ಉಳಿದ ಕಂಬಗಳು ಅದನ್ನು ತಾಳಬಲ್ಲವೇ ಎಂದು ಕಂಪ್ಯೂಟರು ಗುಣಿಸುತ್ತಲೇ ಇರುತ್ತದೆ. ತಾಳದಿದ್ದರೆ ಮೊದಲು ಕಬ್ಬಿಣ ನರಳುವ ಸದ್ದು, ಆಮೇಲೆ ಕುಸಿತ. ತಮಾಷೆಯೆಂದರೆ, ಆಟ ತಯಾರಿಸಿದವರೇ ಕಣ್ಣಿಗೆ ಚೆಂದವಾಗಿ ನಿಲ್ಲಿಸಿದ ಕಟ್ಟಡಗಳು ಯಾರೂ ಮುಟ್ಟದೆಯೇ ತಮ್ಮ ಭಾರಕ್ಕೆ ತಾವೇ ಬಿದ್ದವು! ಕಂಬ ಎಲ್ಲಿರಬೇಕು, ತೊಲೆ ಎಷ್ಟು ದಪ್ಪವಿರಬೇಕು ಎಂದು ಅವರು ನಮ್ಮ ಇಂಜಿನಿಯರುಗಳಂತೆಯೇ ಯೋಚಿಸಬೇಕಾಯಿತು.

ಹುಡುಗನ ಗೋಪುರಕ್ಕೆ ಬರೋಣ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಆಧಾರಗಳ ನಡುವೆ ಇರುವತನಕ ವಸ್ತು ನಿಲ್ಲುತ್ತದೆ. ಒಂದೇ ಬದಿಯ ಕಂಬಗಳು ಹೋದರೆ ರೇಖೆ ಆಧಾರದ ಹೊರಗೆ ಬೀಳುತ್ತದೆ. ಗೋಪುರವೂ ಅತ್ತಲೇ ವಾಲುತ್ತದೆ. ನಿಜವಾದ ಮಂಗಳದಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 3.7 ಮೀಟರ್, ಇಲ್ಲಿ 9.8. ಇಪ್ಪತ್ತು ಮೀಟರ್ ಎತ್ತರದಿಂದ ಕಲ್ಲು ಬೀಳಲು ಇಲ್ಲಿ ಸುಮಾರು 2 ಸೆಕೆಂಡು ಸಾಕು, ಅಲ್ಲಿ 3.3 ಬೇಕು. ಲೆಕ್ಕ ಮಾಡಿ ನೋಡಿ.

ಇಷ್ಟು ಒಳ್ಳೆಯ ಆಟ ಇಳಿದದ್ದೇಕೆ? 2011ರಲ್ಲಿ ಬಂದ 'ಆರ್ಮಗೆಡನ್' ಆಟಗಾರನನ್ನು ಬಯಲಿನಿಂದ ಗುಹೆಗೆ ಇಳಿಸಿತು. ಕೆಡವಿದ್ದನ್ನು ಮತ್ತೆ ಕಟ್ಟುವ ಉಪಕರಣವೇನೋ ಇತ್ತು. ಆದರೆ ಯಾವ ಕಟ್ಟಡವನ್ನು ಯಾವ ಕಡೆಯಿಂದ ಕೆಡವಲಿ ಎಂದು ಯೋಚಿಸುವ ಸ್ವಾತಂತ್ರ್ಯ ಹೋಯಿತು. ನನಗಂತೂ ಅದೇ ದೊಡ್ಡ ತಪ್ಪು ಎನಿಸುತ್ತದೆ. ಮಾರಾಟ ಸೋತಿತು. ಪ್ರಕಾಶಕರಾದ ಟಿಎಚ್‌ಕ್ಯೂ ಸಂಸ್ಥೆ ಬೇರೆ ನಷ್ಟಗಳೂ ಸೇರಿ 2012ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. 2018ರಲ್ಲಿ 'ಗೆರಿಲ್ಲಾ'ವನ್ನೇ ಹೊಸದಾಗಿ ತಿದ್ದಿ ತಂದರು. 2023ರ ಆಗಸ್ಟಿನಲ್ಲಿ ವೊಲಿಷನ್ನೇ ಬಾಗಿಲು ಮುಚ್ಚಿತು. 2022ರಲ್ಲಿ ಪೂರ್ಣರೂಪದಲ್ಲಿ ಬಂದ ಸ್ವೀಡನ್ನಿನ 'ಟಿಯರ್‌ಡೌನ್' ಆಟದಲ್ಲಿ ಇನ್ನೂ ನುಣ್ಣಗೆ ಒಡೆಯಬಹುದು. ಆದರೆ ಅಲ್ಲಿ ಒಂದು ಚೂರಿನ ಮೇಲೆ ಇಡೀ ಮನೆ ನಿಂತುಬಿಡುತ್ತದೆ. ಭಾರದ ಲೆಕ್ಕದಲ್ಲಿ ಹಳೆಯದೇ ಮೇಲು.

ಪೋಷಕರಿಗೊಂದು ಮಾತು: ಈ ಆಟದಲ್ಲಿ ಬಂದೂಕು, ಸಾವು ಬೇಕಾದಷ್ಟಿವೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ.

ಕಂಪ್ಯೂಟರು ಮಾರುವ ಮಾತನ್ನು ಆ ತಂದೆ ಪರೀಕ್ಷೆ ಮುಗಿಯುವವರೆಗೆ ಮುಂದೂಡಿದ್ದಾರೆ. ಭಾನುವಾರ ಒಂದು ಗಂಟೆ ಮಾತ್ರ ಆಟ, ಅದೂ ಕೆಡವಿದ ಕಟ್ಟಡದ ಚಿತ್ರ ಬರೆದು ಗುರುತ್ವಕೇಂದ್ರ ಗುರುತಿಸಿ ನನಗೆ ತೋರಿಸಬೇಕೆಂಬ ಷರತ್ತಿನ ಮೇಲೆ. ಮೊದಲ ಚಿತ್ರ ಬಂದಿದೆ. ಗುರುತ್ವಕೇಂದ್ರವನ್ನು ತಪ್ಪು ಜಾಗದಲ್ಲಿ ಗುರುತಿಸಿದ್ದಾನೆ.