ಮಡಿದವರ ಸ್ಮಾರಕವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಬಾಗಲಕೋಟೆ, ಬಾದಾಮಿಗಳ ಸೀಮೆಯಲ್ಲಿ ಕಾದಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವದು ಪೂರ್ವದ ವಾಡಿಕೆ. ಆ ಕಲ್ಲಿನ ಮೇಲ್ಭಾಗದಲ್ಲಿ ವೀರನಿಗೆ ಸ್ವರ್ಗವು ದೊರೆತಂತೆ ಕೆತ್ತಿರುವರು. ಅಮೇರಿಕೆಯ ಕೆನೆಡಿ ಬಾಹ್ಯಾಕಾಶ ಕೇಂದ್ರದಲ್ಲಿ 2015ರಿಂದ ಇರುವ ಸ್ಮಾರಕವು ಬೇರೆ ಬಗೆಯದು. 1986ರಲ್ಲಿ ನಾಶವಾದ ಚಾಲೆಂಜರಿನ ಒಡಲ ತುಂಡನ್ನೂ, 2003ರಲ್ಲಿ ಕರ್ನಾಲಿನ ಕಲ್ಪನಾ ಚಾವ್ಲಾ ಮೊದಲಾದ ಏಳ್ವರೊಡನೆ ಅಳಿದ ಕೊಲಂಬಿಯದ ಕಿಟಿಕಿಯ ಚೌಕಟ್ಟುಗಳನ್ನೂ ಅಲ್ಲಿ ಮರೆಮಾಚದೆ ಇರಿಸಿರುವರು. ಇದು ಯೋಗ್ಯವೆಂದು ನನ್ನ ಮತವು. ಎರಡು ಸಲವೂ ಇಂಜಿನಿಯರರು ಮುಂಚಿತವಾಗಿ ಕಳವಳವನ್ನು ತಿಳಿಸಿದ್ದರು; ಮೇಲಧಿಕಾರಿಗಳು ಕಿವಿಗೊಡಲಿಲ್ಲ. ಕಲ್ಪನಾ ಹೆಸರಿನಲ್ಲಿ ಕರ್ನಾಟಕ ಸರಕಾರವು ತರುಣ ವಿಜ್ಞಾನಿ ಸ್ತ್ರೀಯರಿಗೆ ಪ್ರಶಸ್ತಿಯನ್ನು ಸ್ಥಾಪಿಸಿದ್ದು ಸ್ತುತ್ಯವೇ. ಆದರೆ, ತಾಯ್ತಂದೆಗಳೇ, ತುಳಸಿಗೇರಿಯ ಹುಡುಗಿಯೊಬ್ಬಳು ಎದ್ದುನಿಂತು “ಇದು ತಪ್ಪಾಗಿದೆ” ಎಂದು ಹಿರಿಯರಿಗೆ ನುಡಿದರೆ, ಗದರಿಸದೆ ಆಕೆಯ ಮಾತನ್ನು ಕೇಳಿರಿ. ಮಡಿದವರಿಗೆ ನಾವು ಸಲ್ಲಿಸಬೇಕಾದ ಋಣವು ಇದೇ.