ಕೊಟ್ಟಿಗೆಗೆ ಕಾಯಿದೆ, ರೆಸಾರ್ಟಿಗೆ ಕಣ್ಣುಮುಚ್ಚಾಲೆ!



ತನ್ನ ಗದ್ದೆಯ ಅಂಚಿನಲ್ಲಿ ಎರಡು ಆಕಳಿಗೊಂದು ಕೊಟ್ಟಿಗೆಯನ್ನೋ, ಪಂಪು-ಗೊಬ್ಬರ ಇಡಲೊಂದು ಮಾಡನ್ನೋ ಕಟ್ಟಿಕೊಳ್ಳಲು ರೈತನು ಯಾರ ಅಪ್ಪಣೆಗಾಗಿ ಕಾಯಬೇಕು? ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಚಲಾವಣೆಯಲ್ಲಿವೆ. "ನನ್ನ ಭೂಮಿ, ನನ್ನಿಷ್ಟ" ಎಂಬುದು ಒಂದು. "ಮೊದಲು ಭೂ ಪರಿವರ್ತನೆ ಮಾಡಿಸಿಕೊಂಡು ಬನ್ನಿ" ಎಂಬುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಅನ್ಯಾಯ ಎಂಬುದು ನನ್ನ ವಾದ.

1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮನ್ನು ಒಮ್ಮೆ ತೆರೆದು ಓದಿ. ಕೃಷಿಗೆಂದು ಹೊಂದಿದ ಭೂಮಿಯಲ್ಲಿ ಉತ್ತಮ ಸಾಗುವಳಿಗಾಗಿ ಕೃಷಿ ಕಟ್ಟಡಗಳನ್ನು ಕಟ್ಟಲು, ಬಾವಿ-ಕೆರೆ ತೋಡಲು ಹಿಡುವಳಿದಾರನಿಗೆ ಹಕ್ಕಿದೆ ಎಂದು ಅದರ ಮೊದಲ ಉಪಕಲಮೇ ಸಾರುತ್ತದೆ. ಪರಿವರ್ತನೆಯ ಮಾತು ಬರುವುದು ಅನಂತರ, ಭೂಮಿಯನ್ನು ಕೃಷಿಯೇತರ ಕಾರ್ಯಕ್ಕೆ ತಿರುಗಿಸುವವನಿಗೆ. ಹಟ್ಟಿಯಲ್ಲಿ ಆಕಳು ಸಗಣಿ ಹಾಕುವುದು ಯಾವ ಕೃಷಿಯೇತರ ಕಾರ್ಯ? ಉದ್ಯೋಗ ಖಾತರಿ ಯೋಜನೆಯಡಿ ದನದ ಕೊಟ್ಟಿಗೆ ಕಟ್ಟಲು ಸರಕಾರವೇ ವರ್ಷಗಟ್ಟಲೆ ಹಣ ಕೊಟ್ಟಿತಲ್ಲವೇ? ಕೊಟ್ಟಿಗೆ ಕೃಷಿಗೆ ಸೇರಿದ್ದೆಂದು ಒಪ್ಪಿದ ಕೈಯೇ ಇನ್ನೊಬ್ಬ ರೈತನ ಕೊಟ್ಟಿಗೆಗೆ ಪರಿವರ್ತನೆಯ ಆದೇಶ ಕೇಳುವುದು ಯಾವ ನ್ಯಾಯ?

ಆದರೆ ಈ ಹಕ್ಕು ಬೇಲಿಯಿಲ್ಲದ ಹೊಲವಲ್ಲ. ಕಟ್ಟಡಗಳ ಕುರಿತಾದ ಇತರ ಕಾನೂನುಗಳಿಗೆ ಒಳಪಟ್ಟು ಎಂದು ಅದೇ ಉಪಕಲಮು ಹೇಳುತ್ತದೆ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಕಲಮು ಗ್ರಾಮ ಪಂಚಾಯತಿಗೆ ಕಟ್ಟಡ ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ತೋಟದ ಮನೆಗೆ ಹಿಡುವಳಿಯ ಶೇಕಡಾ 10ರ ಮಿತಿಯೂ ಇದೆ.

ತೆಂಗಿನಗುಂಡಿಯಂಥ ಊರಿನಲ್ಲಿ ಮತ್ತೊಂದು ತೊಡಕು. ಒಂದು ಕಡೆ ಕಡಲು, ಇನ್ನೊಂದು ಕಡೆ ವೆಂಕಟಾಪುರ ಹೊಳೆಯ ಅಳಿವೆ. 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. 2011ರಲ್ಲಿ, ಮತ್ತೆ 2019ರಲ್ಲಿ ಅದು ಹೊಸ ರೂಪ ತಳೆಯಿತು. 2019ರ ಅಧಿಸೂಚನೆಯಂತೆ, ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್ ನಿರ್ಮಾಣ ನಿಷಿದ್ಧ ಪ್ರದೇಶ. ಅಲ್ಲಿ ಬೇಸಾಯ ಮಾಡಬಹುದು, ಅಧಿಕೃತವಾದ ಹಳೆಯ ಕಟ್ಟಡವನ್ನು ಇದ್ದಷ್ಟೇ ಅಳತೆಯಲ್ಲಿ ದುರಸ್ತಿ ಮಾಡಬಹುದು. ಅಜ್ಜ ಮಡಲು ಹೊದೆಸಿ ಕಟ್ಟಿದ ಕೊಟ್ಟಿಗೆ ಅಧಿಕೃತವೆಂದು ಮೊಮ್ಮಗ ಯಾವ ಕಾಗದ ತೋರಿಸಿ ಸಾಧಿಸಬೇಕು? ಕಡಲನ್ನು ಕಾಯುವ ಕಾನೂನು ಬೇಕು, ನಾನು ಅದರ ಪರವಾಗಿಯೇ ಇದ್ದೇನೆ. ಅದರ ಭಾರವನ್ನು ಹೊರುತ್ತಿರುವವರು ಯಾರು ಎಂಬುದು ನನ್ನ ತಕರಾರು.

ಏಕೆಂದರೆ ಬಲವುಳ್ಳವರ ಕಥೆಯೇ ಬೇರೆ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತಾಯಿತು. ನಾಲ್ಕು ತೆಂಗಿನ ಸಸಿ ನೆಟ್ಟು, "ತೋಟದ ಮನೆ" ಎಂಬ ಹೆಸರಿಟ್ಟು, ಒಳಗೆ ಬಾಡಿಗೆಯ ಕೋಣೆಗಳನ್ನು ನಡೆಸುವವರು ರೈತನ ಹಕ್ಕನ್ನು ಕದಿಯುತ್ತಿದ್ದಾರೆ. ಇಂಥವರನ್ನು ಕಂಡೇ ಕಚೇರಿಗಳು ಎಲ್ಲ ರೈತರನ್ನೂ ಶಂಕಿಸುತ್ತವೆ. ಕೊನೆಗೆ ಶಂಕೆಯ ಕೋಲು ಬೀಳುವುದು ಬಡವನ ಹಟ್ಟಿಯ ಮೇಲೆ. ರೆಸಾರ್ಟಿನ ಗೇಟಿನ ಮುಂದೆ ಅದೇ ಕೋಲು ಛತ್ರಿಯಾಗುತ್ತದೆ!

ಕಟ್ಟುವವರಿಗೂ ಎರಡು ಮಾತು. ಪಹಣಿಯನ್ನು ತೆಗೆಸಿ ನೋಡಿ. ಅದು ಜಂಟಿಯಾಗಿದ್ದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಮೇಲೆ ಎದ್ದ ಗೋಡೆಗಳೇ ನಮ್ಮ ಎಷ್ಟೋ ಕುಟುಂಬಗಳನ್ನು ಒಡೆದಿವೆ. ಹದ್ದುಬಸ್ತು ಮಾಡಿಸಿದ ಮೇಲೆಯೇ ಪಾಯ ತೋಡಿ. ಸೊಪ್ಪಿನ ಬೆಟ್ಟದಲ್ಲಿರುವುದು ಸೊಪ್ಪು-ತರಗೆಲೆಯ ಸವಲತ್ತು, ಒಡೆತನವಲ್ಲ. ಅರಣ್ಯಹಕ್ಕು ಕಾಯಿದೆಯೂ 2005ರ ಡಿಸೆಂಬರ್ 13ಕ್ಕೆ ಮೊದಲಿನ ಅನುಭೋಗವನ್ನಷ್ಟೇ ಪರಿಗಣಿಸುತ್ತದೆ. ಇಂದು ಹೊಸದಾಗಿ ಹೂಡಿದ ಕಂಬಕ್ಕೆ ಅದು ರಕ್ಷೆಯಲ್ಲ. ಇನ್ನು, ಜಾಗ ಸಮತಟ್ಟು ಮಾಡಲೆಂದು ಜೆಸಿಬಿ ತರಿಸಿ ಧರೆಯನ್ನು ನೆಟ್ಟಗೆ ಕಡಿಸಬೇಡಿ. ನಮ್ಮ ಜಂಬಿಟ್ಟಿಗೆಯ ಗುಡ್ಡ ಬೇಸಗೆಯಲ್ಲಿ ಕಲ್ಲು, ಆಷಾಢದಲ್ಲಿ ಕೆಸರು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ಪ್ರಾಣ ತೆತ್ತರು. ಕಡಲ ಗಾಳಿಗೆ ತಗಡಿನ ಮಾಡು ಬೇಗ ತುಕ್ಕು ಹಿಡಿಯುತ್ತದೆ. ಚಿರೆಕಲ್ಲಿನ ಗೋಡೆ, ಹೆಂಚಿನ ಇಳಿಮಾಡು ಇವುಗಳಲ್ಲಿ ಹಿರಿಯರ ವಿವೇಕವಿದೆ.

ಕೊನೆಯ ಮಾತು ನಿಮ್ಮಲ್ಲಿ ಪಂಚಾಯತಿ, ಕಂದಾಯ ಇಲಾಖೆಗಳ ಮೇಜಿನ ಆಚೆ ಕುಳಿತಿರುವ ನನ್ನ ಶಿಷ್ಯರಿಗೆ. ಕೊಟ್ಟಿಗೆಯ ಅರ್ಜಿ ಬಂದರೆ "ನೋಡೋಣ" ಎನ್ನಬೇಡಿ. ಕೊಡುವುದಾದರೆ ಕೊಡಿ, ಇಲ್ಲವಾದರೆ ಯಾವ ಕಾನೂನಿನ ಯಾವ ಕಲಮು ಅಡ್ಡ ಬರುತ್ತದೆಂದು ಬರೆದು ಕೊಡಿ. ಕಾರಣ ಬರೆದರೆ ರೈತನು ಮೇಲ್ಮನವಿಯನ್ನಾದರೂ ಸಲ್ಲಿಸಬಲ್ಲನು. ಬಾಯಿಮಾತಿನ ನಿರಾಕರಣೆಯ ವಿರುದ್ಧ ಅವನು ಎಲ್ಲಿಗೆ ಹೋಗಬೇಕು? ರೈತರಾಗಿರುವ ಶಿಷ್ಯರೇ, ನೀವೂ ಅರ್ಜಿಯನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ, ಮೌನಕ್ಕೆ 2005ರ ಮಾಹಿತಿ ಹಕ್ಕಿನಿಂದ ಉತ್ತರ ಕೇಳಿ. ಕೊಟ್ಟಿಗೆಯನ್ನು ಕೊಟ್ಟಿಗೆಯಾಗಿಯೇ ಕಟ್ಟಿ, ಕೊಟ್ಟಿಗೆಯಾಗಿಯೇ ಉಳಿಸಿ. ಆಗ ನಿಮ್ಮ ಹಕ್ಕನ್ನು ಕೇಳಲು ನಿಮ್ಮ ದನಿಗೆ ಬಲ ಬರುತ್ತದೆ.