ಐವತ್ತೆಂಟರವರೆಗೆ ಕಾಯುವುದೆಂದರೆ
ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರ ಗೇಟಿನಲ್ಲಿ ಈ ವಾರ ಬೋರ್ಡು ಕಂಡೆ: ಟೈಲರ್, ಹೆಲ್ಪರ್ ಬೇಕಾಗಿದ್ದಾರೆ, ವಯಸ್ಸು 18ರಿಂದ 35. ಮೂವತ್ತೈದರಲ್ಲಿ ರಾಜ್ಯ ಸರ್ಕಾರಿ ಗುಮಾಸ್ತರಿಗೆ ಇನ್ನೂ 25 ವರ್ಷದ ಸರ್ವಿಸು, ಬಡ್ತಿ ಎಲ್ಲ ಮುಂದಿರುತ್ತದೆ. ಹೊಲಿಗೆ ಮೆಷಿನ್ನಿಗೆ ಬೆನ್ನು, ಕಣ್ಣು ಸವೆಸಿದ ಹೆಣ್ಣುಮಗಳು ಅಷ್ಟರಲ್ಲೇ ವಯಸ್ಸಾದವಳು. ಅಸಮಾನತೆ ಎಂದರೆ ನಾವು ಸಂಬಳದ ಅಂತರವನ್ನಷ್ಟೇ ಲೆಕ್ಕ ಹಾಕುತ್ತೇವೆ. ಯಾರ ಮುಪ್ಪು ಯಾವಾಗ ಶುರುವಾಗಬೇಕೆಂಬುದನ್ನೂ ವರ್ಗ, ಲಿಂಗಗಳೇ ತೀರ್ಮಾನಿಸುತ್ತವೆ. ಪಿಎಫ್‌ನ ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂದು 2016ರಲ್ಲಿ ಕೇಂದ್ರ ನಿಯಮ ತಂದಾಗ, ಏಪ್ರಿಲ್ ಬಿಸಿಲಲ್ಲಿ ಗಾರ್ಮೆಂಟ್ಸ್‌ನ ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಮಗನ ಫೀಸು, ಮಗಳ ಮದುವೆ, ಕೈಸಾಲ, ಕೆಲಸ ಹೋದ ಮೇಲಿನ ತಿಂಗಳುಗಳು: ಅವರಿಗೆ ಆ ದುಡ್ಡು ಬೇಕಾಗುವುದು ನಲವತ್ತರ ಆಸುಪಾಸಿನಲ್ಲಿ. ದಿಲ್ಲಿಯವರಿಗೆ ಹೊಳೆಯದ ಈ ಸತ್ಯ ಅವರಿಗೆ ಗೊತ್ತಿತ್ತು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು.